ಹನುಮವ್ವನ ಬೂದಿದಿಬ್ಬ

ಪ್ರಾಚ್ಯವಸ್ತು ಕಚೇರಿಯವನು ಎಂದರೆ ಹಳ್ಳಿಯ ಜನ ಮೊದಲು ನನ್ನ ಮುಖ ನೋಡುತ್ತಿರಲಿಲ್ಲ, ಕಿಸೆ ನೋಡುತ್ತಿದ್ದರು. ನಿಧಿ ತೆಗೆಯುವವನ ಕಿಸೆ ಉಬ್ಬಿರಬೇಕಲ್ಲ! ನನ್ನ ಕಿಸೆ ಉಬ್ಬಿರುತ್ತಿದ್ದದ್ದು ನಿಜ. ಅದರಲ್ಲಿ ಒಂದು ಅಳತೆ ಟೇಪು, ಒಂದು ಮೊಂಡು ಪೆನ್ಸಿಲ್ಲು, ಹೆಂಡತಿ ಕಟ್ಟಿಕೊಟ್ಟ ಶೇಂಗಾ ಪುಡಿಯ ಪೊಟ್ಟಣ ಇರುತ್ತಿದ್ದವು. ಮೂವತ್ತು ವರ್ಷದ ಸೇವೆಯಲ್ಲಿ ನನ್ನ ಕಿಸೆಗೆ ಇದಕ್ಕಿಂತ ಬೆಲೆಯುಳ್ಳ ವಸ್ತು ಬೀಳಲಿಲ್ಲ.

ಈಗ ಅದೇ ಕೆಲಸಕ್ಕೆ ಸೇರಿದ ಮೂವರು ತರುಣರು ಹೋದ ತಿಂಗಳು ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಬಂದಿದ್ದರು. ಚಹ ಕುಡಿದು, “ಸರ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ದಾರಿಯಾಗುತ್ತದೆ” ಎಂದರು. ನನಗೆ ಸಿಕ್ಕ ಬಡ್ತಿಗಳ ವಿಷಯ ಬರೆಯುವುದಿಲ್ಲ. ಮುಂದಿದ್ದವರು ನಿವೃತ್ತರಾದರು, ನಾನು ಅವರ ಕುರ್ಚಿಗೆ ಹೋದೆ, ಆ ಕುರ್ಚಿಯ ಒಂದು ಕಾಲು ಸಡಿಲವಾಗಿತ್ತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ನಾನು ಬರೆಯುವುದು ಎಡವಿದ್ದನ್ನು. ದಾರಿಯ ವಿಷಯ ಎಡವಿದವನಿಗೆ ಗೊತ್ತಿರುವಷ್ಟು ನೆಟ್ಟಗೆ ನಡೆದವನಿಗೆ ಗೊತ್ತಿರುವುದಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ದೂರವಾಣಿಯವರಿಗೆ ಹಳ್ಳಿಗಳಿಗೆ ಫೋನು ಮುಟ್ಟಿಸುವ ಹುಮ್ಮಸ್ಸು. ಅದಕ್ಕೆ ಅಲ್ಲಲ್ಲಿ ಕಬ್ಬಿಣದ ಟವರು ನಿಲ್ಲಿಸಬೇಕು. ಟವರಿಗೆ ಎತ್ತರದ ಜಾಗ ಬೇಕು, ನಾಲ್ಕು ಕಾಲಿಗೆ ನಾಲ್ಕು ಆಳವಾದ ಗುಂಡಿ ಬೇಕು. ಬಳ್ಳಾರಿ ಜಿಲ್ಲೆಯ ತೊಂದರೆ ಏನೆಂದರೆ, ಇಲ್ಲಿ ಎತ್ತರದ ಜಾಗವನ್ನು ಬೇರೆಯವರು ಮೊದಲೇ ಹಿಡಿದುಬಿಟ್ಟಿದ್ದಾರೆ. ಗುಡ್ಡದ ಮೇಲೆ ಪಾಳೇಗಾರರ ಕೋಟೆ, ಕಲ್ಲುದಿಣ್ಣೆಯಂಥ ಮರಡಿಯ ಮೇಲೆ ನಾಲ್ಕು ಸಾವಿರ ವರ್ಷದ ಹಿಂದೆ ದನ ಸಾಕಿಕೊಂಡಿದ್ದವರ ವಸತಿ, ಅವರು ಸಗಣಿ ಸುಟ್ಟು ಬಿಟ್ಟುಹೋದ ಬೂದಿದಿಬ್ಬ. ಆದ್ದರಿಂದ ದೂರವಾಣಿಯವರು ಗುದ್ದಲಿ ಎತ್ತುವ ಮೊದಲು ನಮ್ಮ ಕಚೇರಿಯಿಂದ ಒಬ್ಬರು ಹೋಗಿ ನೋಡಿ, ಏನಿದೆ ಏನಿಲ್ಲ ಎಂದು ಬರೆದುಕೊಡಬೇಕು. ಆ ಒಬ್ಬ ನಾನು.

ನನ್ನ ಮೇಲಧಿಕಾರಿ ಚನ್ನಬಸಪ್ಪನವರು. ನಶ್ಯದ ಡಬ್ಬಿ, ಖಾದಿ ಕೋಟು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ಅವರಿಗೆ ಎರಡೇ ಶಬ್ದ ಕಂಡರೆ ಸಿಟ್ಟು: “ಏನೂ ಇಲ್ಲ”. ಯಾರಾದರೂ ವರದಿಯಲ್ಲಿ ಹಾಗೆ ಬರೆದರೆ ಕಾಗದವನ್ನು ಎರಡು ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತಿ ವಾಪಸು ಕೊಡುತ್ತಿದ್ದರು.

“ಏನೂ ಇಲ್ಲ ಅನ್ನಾಕ ನೀ ಯಾರಪಾ? ಭೂಮಿತಾಯಿ ನಿನಗ ಲೆಕ್ಕ ಒಪ್ಪಿಸ್ಯಾಳೇನು? ನಿನಗ ಕಂಡದ್ದು ಬರಿ. ಎಲ್ಲಿ ನಿಂತು ಕಂಡಿ, ಅದನ್ನೂ ಬರಿ. ಅಷ್ಟ ನಿನ್ನ ನೌಕರಿ.”

ಈ ಮಾತಿನ ಬಿಸಿ ನನಗೆ ಮೊದಲು ತಟ್ಟಿದ್ದು ಕರೂರಿನಲ್ಲಿ. ಸಿರುಗುಪ್ಪ ತಾಲ್ಲೂಕಿನ ಆ ಊರಿಗೆ ನಾನು ಹೋದದ್ದು ಭತ್ತದ ನಾಟಿಯ ಕಾಲದಲ್ಲಿ. ತೋರಿಸಿದ ಜಾಗದಲ್ಲಿ ಮೊಣಕಾಲುದ್ದ ನೀರು. ಒಂದು ಚಪ್ಪಲಿಯನ್ನು ಕೆಸರು ನುಂಗಿತು, ಇನ್ನೊಂದನ್ನು ನಾನೇ ಬೇಸರದಿಂದ ಎಸೆದೆ. ಬಂದು ಬರೆದೆ: “ಸ್ಥಳವನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ ಪುರಾತನ ಅವಶೇಷ ಏನೂ ಇಲ್ಲ.”

“ಕೂಲಂಕಷ ಅಂದ್ರ ಏನು ಕಂಡಿ?” ಎಂದು ಚನ್ನಬಸಪ್ಪನವರು ಕೇಳಿದರು.

“ನೀರು ಸರ್.”

“ಹಂಗಾರ ನೀರು ಅಂತ ಬರಿ.”

“ನೀರು ಕಂಡಿತು” ಎಂಬ ಒಂದೇ ಸಾಲಿನ ವರದಿ ಜಿಲ್ಲಾ ಕಚೇರಿಗೆ ಹೋಯಿತು. ಅಲ್ಲಿಯವರು ಅದನ್ನು ನೀರಾವರಿ ಇಲಾಖೆಗೆ ಕಳಿಸಿದರು. ನೀರಾವರಿಯವರು ಸಂತೋಷದಿಂದ ವಂದನಾಪತ್ರ ಬರೆದರು. ಸುಗ್ಗಿ ಮುಗಿದ ಮೇಲೆ ನಾನು ಬರಿಗಾಲಲ್ಲಿ ಮತ್ತೆ ಹೋಗಿ ಒಣಗಿದ ಗದ್ದೆ ನೋಡಿ ಬಂದೆ. ಅಲ್ಲಿ ಕಂಡದ್ದು ನನ್ನ ಚಪ್ಪಲಿ.

ದೂರವಾಣಿಯ ಕಡೆಯಿಂದ ನಮ್ಮ ಜೊತೆ ಬರುತ್ತಿದ್ದವರು ಎಂಜಿನಿಯರ್ ಸುಬ್ಬಾರೆಡ್ಡಿ. ಗಡಿಯಾಚೆಯ ಮನುಷ್ಯ, ಅರ್ಧ ತೆಲುಗು ಅರ್ಧ ಕನ್ನಡ. ಸಿಟ್ಟು ಬಂದರೆ ಪೂರ್ತಿ ತೆಲುಗು. ಅವರದು ಒಂದೇ ಮಂತ್ರ: “ಈ ಟವರ್ ಆ ಟವರನ್ನ ನೋಡಬೇಕಂಡಿ. ನಡುವೆ ಏನೂ ಅಡ್ಡ ಬರಬಾರದು.” ಒಮ್ಮೆ ಕುರುಗೋಡಿನ ಗುಡ್ಡದ ಕೆಳಗೆ ಅವರು ಜಾಗ ಗೊತ್ತು ಮಾಡಿ, ಒಂದು ಗೂಟ ನೆಟ್ಟು, ಅದರ ತಲೆಗೆ ಕೆಂಪು ಬಣ್ಣ ಬಳಿದು ಬಂದಿದ್ದರು. ವಾರದ ಮೇಲೆ ಹೋಗಿ ನೋಡಿದರೆ ಗೂಟಕ್ಕೆ ಅರಿಶಿನ ಕುಂಕುಮ, ಮುಂದೆ ಒಡೆದ ತೆಂಗಿನಕಾಯಿ. ಅಷ್ಟೇ ಆಗಿದ್ದರೆ ಸರಿ. ದೇವರು ಬಿಸಿಲಲ್ಲಿ ಇರಬಾರದೆಂದು ಭಕ್ತರು ಅದನ್ನು ಬೇವಿನ ನೆರಳಿಗೆ, ನೂರು ಹೆಜ್ಜೆ ಆಚೆಗೆ, ಮರ್ಯಾದೆಯಿಂದ ಸ್ಥಳಾಂತರಿಸಿದ್ದರು. ರೆಡ್ಡಿಯವರ ಅಳತೆಯೆಲ್ಲ ಮಣ್ಣುಪಾಲು. “ಏಮಯ್ಯಾ ಇದಿ!” ಎಂದು ತಲೆ ಮೇಲೆ ಕೈ ಹೊತ್ತರು. ನಮ್ಮ ಜೀಪಿನ ಡ್ರೈವರ್ ಖಾದರ್ ಸಾಬ್ ಸಮಾಧಾನ ಹೇಳಿದ: “ಇರ್ಲಿ ಬಿಡ್ರಿ ಸಾಬ್, ನಿಮ್ ಗೂಟಕ್ಕಾದ್ರೂ ಊರಾಗ ಒಂದ್ ಮರ್ಯಾದಿ ಐತಿ.”

ಇನ್ನು ಮುಖ್ಯ ಕಥೆ. ಬಾದನಹಟ್ಟಿ ದಾಟಿ ಎರಡು ಮೈಲಿ ಹೋದರೆ ಒಂದು ಸಣ್ಣ ಊರು. ಅಲ್ಲಿ ರೆಡ್ಡಿಯವರು ಎರಡು ಜಾಗ ಗುರುತಿಸಿದ್ದರು. ಒಂದು, ಊರ ಪಕ್ಕದ ಬೂದುಬಣ್ಣದ ದಿಬ್ಬ. ಅದು ಆಗದಿದ್ದರೆ, ಒಂದು ಫರ್ಲಾಂಗು ಆಚೆಯ ಮರಡಿ ಹೊಲ. ನಾನು ಮೊದಲು ದಿಬ್ಬ ಹತ್ತಿದೆ. ಒಂದು ಮಗ್ಗುಲನ್ನು ಮಳೆಯ ನೀರು ಕೊರೆದು ಗೋಡೆಯ ಹಾಗೆ ನಿಲ್ಲಿಸಿತ್ತು. ಅದನ್ನು ನೋಡಿ ಹತ್ತಿರ ಓಡಿದೆ. ಬೂದಿ! ಪದರ ಪದರವಾದ ಬೂದಿ, ನಡುನಡುವೆ ಮಡಕೆ ಚೂರಿನ ಸಾಲು. ಎಣಿಸಿದೆ, ಆರು ಸಾಲು.

ಕುಡತಿನಿಯ ಬೂದಿದಿಬ್ಬ ನೋಡಿ ನೋಡಿ ನಮಗೆಲ್ಲ ಒಂದು ಜ್ವರ ಇತ್ತು. ತನ್ನ ಹೆಸರಿನಲ್ಲಿ ಒಂದು ಬೂದಿದಿಬ್ಬ ಪತ್ತೆಯಾಗಬೇಕು ಎಂಬ ಜ್ವರ. ಅದು ಏರಿದಾಗ ಕಣ್ಣು ಮಂಜಾಗುತ್ತದೆ. ಚೂರುಗಳ ಮೇಲೆ ಕುಂಬಾರನ ತಿಗರಿ ಚಕ್ರದ ಗೆರೆ ಸ್ಪಷ್ಟವಾಗಿತ್ತು. ಆ ಕಾಲದವರು ಕೈಯಲ್ಲಿ ಮಡಕೆ ತಟ್ಟುತ್ತಿದ್ದವರು. “ಬಹುಶಃ ನಿಧಾನವಾದ ತಿಗರಿ” ಎಂದು ಬರೆದುಕೊಂಡೆ. ಬೂದಿಯಲ್ಲಿ ಬಿಳಿ ಸುಣ್ಣದ ಹರಳು ಸಿಕ್ಕವು. “ಬಹುಶಃ ಮೂಳೆ” ಎಂದು ಬರೆದುಕೊಂಡೆ. ತರುಣರೇ, ವರದಿಯಲ್ಲಿ ಎರಡನೆಯ ಸಲ “ಬಹುಶಃ” ಬಂದರೆ ಪೆನ್ಸಿಲ್ ಕೆಳಗಿಟ್ಟು ನೀರು ಕುಡಿಯಿರಿ. ನಾನು ಕುಡಿಯಲಿಲ್ಲ.

ಹೊರಡುವಾಗ ರೆಡ್ಡಿಯವರು ಮರಡಿ ಹೊಲ ತೋರಿಸಿದರು. ಮಟಮಟ ಮಧ್ಯಾಹ್ನ. ತಲೆಯಲ್ಲಿ ಬೂದಿದಿಬ್ಬ ಕುಣಿಯುತ್ತಿತ್ತು. ಜೀಪಿನಲ್ಲಿ ಕೂತಲ್ಲಿಂದಲೇ ಕತ್ತು ಚಾಚಿ ನೋಡಿದೆ. ಜೋಳದ ಕೂಳೆ, ಕಲ್ಲು, ಒಂದು ಜಾಲಿಗಿಡ. “ಹೊಲದಲ್ಲಿ ಅವಶೇಷ ಕಂಡುಬರಲಿಲ್ಲ. ಟವರ್ ಇಲ್ಲಿ ನಿಲ್ಲಿಸಬಹುದು” ಎಂದು ಬರೆದೆ. ನೋಡಿ, “ಏನೂ ಇಲ್ಲ” ಎಂದು ಬರೆಯಲಿಲ್ಲ, ಅಷ್ಟು ಜಾಣ ಆಗಿದ್ದೆ. ಎಲ್ಲಿ ನಿಂತು ಕಂಡೆ ಎಂಬುದನ್ನು ಮಾತ್ರ ಬರೆಯಲಿಲ್ಲ.

ನನ್ನ ದಿಬ್ಬದ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಬಂತು. ಬಳ್ಳಾರಿಯ ಒಂದು ಸಭೆಯಲ್ಲಿ ಪ್ರಬಂಧ ಓದಲು ಕರೆಯೂ ಬಂತು. ಹೆಂಡತಿ ನನ್ನ ಕೋಟಿಗೆ ಇಸ್ತ್ರಿ ಹಾಕಿಸಿದಳು. ಆ ಊರಿನವರಂತೂ ದಿಬ್ಬದ ಬೂದಿಯನ್ನು ಹಣೆಗೆ ಹಚ್ಚಲು ಶುರು ಮಾಡಿದರು. ನಾಲ್ಕು ಸಾವಿರ ವರ್ಷದ ವಿಭೂತಿ ಎಂದು ಸಿರುಗುಪ್ಪದಿಂದ ಬಂದು ಚೀಲ ತುಂಬಿಕೊಂಡು ಹೋದವರಿದ್ದರು. ಹಚ್ಚಿಕೊಂಡವರ ಹಣೆ ಉರಿಯುತ್ತಿತ್ತಂತೆ. ಅದನ್ನು ಅವರು ಶಕ್ತಿ ಎಂದುಕೊಂಡರು. ನಾನಾದರೂ ಯೋಚಿಸಬಾರದಿತ್ತೆ, ಬೂದಿ ಯಾಕೆ ಉರಿಯುತ್ತದೆ ಎಂದು?

ಒಂದು ದಿನ ಬೆಳಗ್ಗೆ ಕಚೇರಿಗೆ ಹೋದರೆ ಜಗಲಿಯ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಇಳಕಲ್ ಸೀರೆ, ಬರಿ ಹಣೆ, ಮಡಿಲಲ್ಲಿ ಒಂದು ಸರಕಾರಿ ನೋಟೀಸು. ಮೊದಲ ಬಸ್ಸಿಗೆ ಬಂದಿದ್ದಳು.

“ನನ್ನ ಗಡಿಗಿ ನೋಡಿ ನನ್ನ ಹೊಲ ಕಿತ್ಗೊಂಡಾವ ಯಾವನವ?” ಎಂದು ಕೇಳಿದಳು.

ನನಗೆ ತಲೆಬುಡ ತಿಳಿಯಲಿಲ್ಲ. ಕೂತುಕೊಳ್ಳಲು ಹೇಳಿದೆ. ಅವಳು ಕೂತೇ ಇದ್ದಳು. ಹೆಸರು ಹನುಮವ್ವ. ಆ ಮರಡಿ ಹೊಲ ಅವಳದು. ಇದ್ದದ್ದು ಅದೊಂದೇ. ಅವಳು, ಅವಳ ಮಗ, ಸೊಸೆ, ಮೊಮ್ಮಕ್ಕಳು ಉಣ್ಣುವ ಜೋಳ ಅದರಲ್ಲೇ ಬೆಳೆಯುತ್ತಿತ್ತು. ದಿಬ್ಬ ಪುರಾತನವಾದ್ದರಿಂದ ಟವರು ಆಕೆಯ ಹೊಲಕ್ಕೆ ಬರುತ್ತದೆ ಎಂದು ನೋಟೀಸು ಹೇಳುತ್ತಿತ್ತು.

“ಅವ್ವಾ, ಆ ದಿಬ್ಬ ನಾಲ್ಕು ಸಾವಿರ ವರ್ಷದ್ದು” ಎಂದು ತಿಳಿಸಿ ಹೇಳಲು ಹೋದೆ.

ಹನುಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ತಮ್ಮಾ, ಅದು ನಮ್ಮ ಮಾವನ ಸುಣ್ಣದ ಭಟ್ಟಿ ಬೂದಿ. ನಾ ಮದಿವ್ಯಾಗಿ ಬಂದಾಗ ನನ್ನ ಎದಿಮಟ ಇತ್ತು. ಉಳಿದಿದ್ದು ನಾನ ಬುಟ್ಟ್ಯಾಗ ಹೊತ್ತು ಚೆಲ್ಲೀನಿ. ನನಗೇನು ನಾಕು ಸಾವಿರ ವರ್ಷ ಆಗೈತೇನು?”

ಒಳಗೆ ಚನ್ನಬಸಪ್ಪನವರು ಸೀನಿದ್ದು ಕೇಳಿಸಿತು. ಅದು ನಶ್ಯದ ಸೀನೋ ನಗುವೋ ಇವತ್ತಿಗೂ ಹೇಳಲಾರೆ.

ಅವತ್ತೇ ಜೀಪಿನಲ್ಲಿ ಹನುಮವ್ವನನ್ನು ಕೂರಿಸಿಕೊಂಡು ಹೊರಟೆ. ಒಳಗೊಳಗೆ ನನಗೆ ಇನ್ನೂ ಆಸೆ ಇತ್ತು. ಭಟ್ಟಿಯ ಬೂದಿಯಾದರೆ ಮಡಕೆ ಚೂರು ಸಾಲಾಗಿ ಯಾಕೆ ಬಿದ್ದಿವೆ? ಅದೇ ನನ್ನ ಕೊನೆಯ ಕೋಟೆ. ದಿಬ್ಬದ ಕೊರೆದ ಮಗ್ಗುಲಿನ ಮುಂದೆ ನಿಲ್ಲಿಸಿ ಕೇಳಿದೆ.

“ಸತ್ತ ಮನ್ಯಾಗ ಸೂತಕ ಕಳದ ಮ್ಯಾಲ ಹಳೇ ಗಡಿಗಿ ಇಟ್ಗೋತಾರೇನು? ಎಲ್ಲಾ ಹೊರಗ ಹಾಕಿ ಒಡೀತಾರ. ನಾವು ಇಲ್ಲೇ ಒಡಿಯೋದು,” ಎಂದಳು. ಆಮೇಲೆ ಬಗ್ಗಿ, ಬೆರಳಿಟ್ಟು, ಕೆಳಗಿನಿಂದ ಓದಲು ಶುರು ಮಾಡಿದಳು.

“ಈ ತಳದ್ದು ನಮ್ಮ ಮಾವನ ಅಪ್ಪಂದು, ನಾ ನೋಡಿಲ್ಲ, ಹೇಳ್ತಿದ್ರು. ಇದು ನಮ್ಮ ಮಾವಂದು. ಅದರ ಮ್ಯಾಲಿಂದು ನಮ್ಮತ್ತಿದು. ಅಕಿ ಭಾಳ ದಿನ ತಡಾ ಮಾಡಿ ಹೋದ್ಲು, ಅದಕ್ಕ ನಡುವ ಬೂದಿ ದಪ್ಪ ಐತಿ ನೋಡು. ಇಲ್ಲಿ ತೆಳ್ಳಗ ಐತಲ್ಲ, ಆಗ ಸುಣ್ಣ ಕೇಳಾವ್ರ ಇರ್ಲಿಲ್ಲ, ಭಟ್ಟಿ ಹಚ್ಚಿದ್ದ ಕಡಿಮಿ. ಇದು ನಮ್ಮ ಮೈದುನಂದು. ಈ ಸಣ್ಣ ಚಟಿಗಿ…”

ಅಂಗೈಯಷ್ಟು ಅಗಲದ ಒಂದು ಪುಟ್ಟ ಮಡಕೆಯ ಬಾಯಿ ಬೂದಿಯಿಂದ ಹೊರಗೆ ಇಣುಕುತ್ತಿತ್ತು. ನಾನು ಅದನ್ನು “ಪೂಜಾ ಪಾತ್ರೆ, ಅಪರೂಪದ್ದು” ಎಂದು ವರದಿಯಲ್ಲಿ ಚಿತ್ರ ಸಮೇತ ಬರೆದಿದ್ದೆ.

“ನನ್ನ ಮಗಳದು. ಮೂರು ತಿಂಗಳ ಕೂಸು. ಅದಕ್ಕ ಹಾಲು ಕಾಸ್ತಿದ್ದೆ ಇದರಾಗ,” ಎಂದಳು. ಸೆರಗಿನಿಂದ ಅದರ ಅಂಚು ಒರೆಸಿ ಮೇಲಕ್ಕೆ ಹೋದಳು. “ಮ್ಯಾಲಿಂದು ನನ್ನ ಗಂಡಂದು. ಅಲ್ಲಿಗೆ ಭಟ್ಟಿ ನಿಂತಿತು. ಅದರ ಮ್ಯಾಲ ಬೂದಿ ಇಲ್ಲ, ನೋಡ್ಕೊ.”

ನೋಡಿದೆ. ಇರಲಿಲ್ಲ. ಪದರ ಓದುವುದನ್ನು ನನಗೆ ಕಲಿಸಿದವರು ದೊಡ್ಡ ದೊಡ್ಡ ಪಂಡಿತರು, ಆದರೆ ಬೂದಿ ಎಲ್ಲಿ ಯಾಕೆ ದಪ್ಪ, ಎಲ್ಲಿ ಯಾಕೆ ತೆಳು ಎಂದು ಇಷ್ಟು ಖಚಿತವಾಗಿ ಹೇಳಿದವರು ಯಾರೂ ಇಲ್ಲ. ನನಗೆ ನಾಚಿಕೆಯಾಯಿತು. ಒಂದು ಮನೆಯ ಆರು ಸಾವನ್ನು ನಾನು ಪ್ರಬಂಧ ಮಾಡಿ, ಇಸ್ತ್ರಿ ಕೋಟು ಹಾಕಿಕೊಂಡು ಓದಲು ಹೊರಟಿದ್ದೆ.

ಬಿಸಿಲಿಗೆ ನನ್ನ ಮುಖ ಸಪ್ಪಗಾದದ್ದು ನೋಡಿ, “ಬಾ, ಮಜ್ಜಿಗಿ ಕುಡಿ. ತಪ್ಪು ಮಾಡಿದಾವಗೂ ನೀರಡಿಕಿ ಆಕ್ಕೈತಿ” ಎಂದು ಮನೆಗೆ ಕರೆದಳು. ಸೊಸೆ ಗಂಗಮ್ಮ ಮೊಸರಿನ ಗಡಿಗೆಯ ಮುಚ್ಚಳದ ಮೇಲಿನ ಕಲ್ಲು ತೆಗೆದು ಪಕ್ಕಕ್ಕಿಟ್ಟಳು. ಬೆಕ್ಕು ಬಾಯಿ ಹಾಕದಿರಲಿ ಎಂದು ಹೇರಿದ ಕಲ್ಲು. ಕಪ್ಪಗೆ, ನುಣ್ಣಗೆ, ಒಂದು ತುದಿ ಚೂಪಾಗಿ ಮಸೆದದ್ದು. ನನಗೆ ಮಜ್ಜಿಗೆ ಮರೆತೇಹೋಯಿತು. ಅದು ಕಲ್ಲುಗೊಡಲಿ. ನಾನು ದಿಬ್ಬದಲ್ಲಿ ಹುಡುಕಿದ್ದ ಜನರದ್ದೇ ಕೈಗೆಲಸ.

“ಇದು ಎಲ್ಲಿದು ಅವ್ವಾ?”

“ಅದಾ? ಸಿಡ್ಲಿನ ಕಲ್ಲು. ಇದ್ದ ಮನಿಗೆ ಸಿಡ್ಲು ಬಡಿಯಂಗಿಲ್ಲ. ಹೊಲದಾಗ ರಂಟಿ ಹೊಡಿಯುವಾಗ ಸಿಗ್ತಾವ.”

“ಯಾವ ಹೊಲ?”

“ಇರೋದ ಒಂದಲ್ಲೋ ಯಪ್ಪಾ! ನೀವು ಟವರು ನಿಲ್ಲಸಾಕ ಹೊಂಟೀರಲ್ಲ, ಅದ.”

ಅಂದರೆ ನಾನು ಕಾಪಾಡಿದ್ದು ಭಟ್ಟಿಯ ಬೂದಿಯನ್ನು. ಗುಂಡಿ ತೋಡಿ ಎಂದು ಬರೆದುಕೊಟ್ಟದ್ದು ನಿಜವಾದ ಹಳೆಯ ವಸತಿಯ ಎದೆಯ ಮೇಲೆ. ಬಳ್ಳಾರಿಗೆ ಮರಳುವಾಗ ಖಾದರ್ ಸಾಬ್ ಒಂದೇ ಮಾತು ಹೇಳಿದ: “ಸಾಬ್, ಅವತ್ತ ಇಳದಿದ್ರ ಚಪ್ಲಿಗೆ ತಾಕ್ತಿತ್ತು.” ನನ್ನ ತಲೆಗೆ ಬೇರೊಂದು ಚಿಂತೆ ಹೊಕ್ಕಿತ್ತು. ನಿಜ ಬರೆದರೆ ಟವರು ಹೊಲದಿಂದ ಆಚೆ ಹೋಗುತ್ತದೆ, ಸರಿ. ಆದರೆ ಹೊಲ ಪುರಾತನ ಎಂದರೆ ನಮ್ಮವರೇ ಬಂದು ತಂತಿಬೇಲಿ ಹಾಕಿ ಫಲಕ ನೆಟ್ಟರೆ? ಹೊಲವನ್ನು ದೂರವಾಣಿಯವರು ಕಿತ್ತುಕೊಂಡರೂ ಒಂದೇ, ನಾವು ಕಿತ್ತುಕೊಂಡರೂ ಒಂದೇ. ಹನುಮವ್ವನ ಜೋಳ ಹೋದದ್ದು ಹೋದದ್ದೇ.

ಚನ್ನಬಸಪ್ಪನವರ ಮುಂದೆ ನಿಂತು ಎಲ್ಲ ಒಪ್ಪಿಕೊಂಡೆ. ಅವರು ನನ್ನ ಹಳೆಯ ವರದಿ ತೆಗೆದು, ಹೊಲದ ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ಎಲ್ಲಿ ನಿಂತು ನೋಡಿದಿ?”

“ನಿಂತಿರಲಿಲ್ಲ ಸರ್. ಕೂತಿದ್ದೆ. ಜೀಪಿನಲ್ಲಿ.”

ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಮರುದಿನ ಅವರೇ ನನ್ನೊಡನೆ ಬಂದರು. ಅರವತ್ತರ ಹತ್ತಿರದ ಮನುಷ್ಯ ಕೋಟು ಬಿಚ್ಚಿ ಖಾದರ್ ಕೈಗೆ ಕೊಟ್ಟು, ಹನುಮವ್ವನ ಹೊಲದ ಒಂದೊಂದು ಸಾಲು ನಡೆದರು. ಹಿಂದೆ ನಾನು. ನನ್ನ ಹಿಂದೆ ಹನುಮವ್ವ, “ಕೂಳಿ ಚುಚ್ಚತಾವ, ನೋಡಿ ಕಾಲಿಡ್ರಿ” ಎನ್ನುತ್ತ. ಸಂಜೆಯ ಹೊತ್ತಿಗೆ ನಮ್ಮ ಚೀಲದಲ್ಲಿ ಎರಡು ಮುರಿದ ಕೊಡಲಿ, ಕೈಯಲ್ಲಿ ತಟ್ಟಿದ ಬೂದು ಮಡಕೆಯ ಚೂರು, ಕಲ್ಲಿನ ಚಕ್ಕೆಗಳ ರಾಶಿ. ಬದುವಿನ ಮೇಲೆ ಕೂತು ನಾನು ಬೇಲಿಯ ಭಯ ಹೇಳಿದೆ.

“ಬೇಲಿ ಹಾಕಾಕ ನಮ್ಮ ಕಚೇರ್ಯಾಗ ತಂತಿ ಎಲ್ಲೈತಿ?” ಎಂದು ನಶ್ಯ ಏರಿಸಿದರು. ಆಮೇಲೆ ಗಂಭೀರವಾಗಿ, “ಇವರ ರಂಟಿ ಗೇಣು ಆಳ ಹೋಗತೈತಿ. ಕೆಳಗಿದ್ದದ್ದು ಹಂಗ ಐತಿ. ಇಷ್ಟು ದಿನ ಕಾಯ್ದಾರ, ಮುಂದೂ ಕಾಯ್ತಾರ. ಬರಿ,” ಎಂದು ಅಲ್ಲೇ ಹೇಳಿ ಬರೆಸಿದರು: ದಿಬ್ಬ ಇತ್ತೀಚಿನದು, ಅದರ ಬಗ್ಗೆ ಮೊದಲು ಬರೆದದ್ದು ನನ್ನ ತಪ್ಪು. ಹೊಲದಲ್ಲಿ ಹಳೆಯ ವಸತಿಯ ಗುರುತು ಕಂಡಿತು, ನಡೆದು ನೋಡಿದ್ದು. ಉಳುಮೆ ಹಿಂದಿನಂತೆ ನಡೆಯಲಿ, ಗುಂಡಿ ತೋಡಬಾರದು.

“ನನ್ನ ತಪ್ಪು” ಎಂಬ ಶಬ್ದ ಬರೆಯುವಾಗ ಪೆನ್ಸಿಲ್ಲು ಮುರಿಯಿತು. ಅವರು ತಮ್ಮ ಪೆನ್ನು ಕೊಟ್ಟರು.

ಸಭೆಯಲ್ಲಿ ನನ್ನ ಪ್ರಬಂಧದ ಬದಲು ಬೇರೊಬ್ಬರು ಹಾಡಿದರು. ಊರಿನವರು ಹಣೆ ತೊಳೆದುಕೊಂಡರು. ರೆಡ್ಡಿಯವರು ಖುಷಿಯಿಂದ ದಿಬ್ಬಕ್ಕೆ ಅಳತೆಪಟ್ಟಿ ತಂದರು. ಅವತ್ತು ನಾನು ಹೋಗುವ ಕೆಲಸವಿರಲಿಲ್ಲ, ಆದರೂ ಹೋದೆ.

“ರೆಡ್ಡಿಯವರೇ, ಟವರನ್ನು ಒಂದಿಷ್ಟು ಆ ಕಡೆ ಸರಿಸಲು ಬರುತ್ತದೆಯೆ? ಈ ಕೊರೆದ ಮಗ್ಗುಲು ನಿಮ್ಮ ಬೇಲಿಯ ಹೊರಗೆ ಉಳಿಯಲಿ.”

“ಇದು ಹಳೇದಲ್ಲ ಅಂತ ನೀವೇ ಬರೆದ್ರಿ ಕದಾ?”

“ಬರೆದೆ. ಇಲಾಖೆಯ ಪರವಾಗಿ ಕೇಳುತ್ತಿಲ್ಲ.” ಪುಟ್ಟ ಮಡಕೆಯ ಬಾಯಿ ತೋರಿಸಿ, ಹನುಮವ್ವ ಹೇಳಿದ್ದನ್ನು ಹೇಳಿದೆ.

ರೆಡ್ಡಿಯವರು ಬಹಳ ಹೊತ್ತು ತಮ್ಮ ಯಂತ್ರದ ಕಣ್ಣಿಗೆ ಕಣ್ಣಿಟ್ಟು ದೂರ ನೋಡಿದರು. ಆಮೇಲೆ ಕೂಲಿಯವರಿಗೆ ಕೂಗಿದರು: “ಗೂಟ ಹನ್ನೆರಡು ಅಡಿ ಆಚೆ ಹಾಕಂಡಿ! ಇಲ್ಲಿಂದ ಆ ಟವರ್ ಸರಿಗ್ಗಾ ಕಾಣ್ತಾ ಇಲ್ಲ.” ಹನ್ನೆರಡು ಅಡಿ ಸರಿದರೆ ಟವರಿಗೆ ಕಾಣುವುದು ಏನೂ ಬದಲಾಗುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

ಟವರು ಎದ್ದಿತು. ಹನುಮವ್ವನಿಗೆ ಮಾತ್ರ ಕಲ್ಲಿನ ಚಟ ಹತ್ತಿತು. ಹೊಲದಲ್ಲಿ ಏನು ಸಿಕ್ಕರೂ ಬಟ್ಟೆಯಲ್ಲಿ ಗಂಟು ಕಟ್ಟಿ ಬಳ್ಳಾರಿ ಬಸ್ಸಿಗೆ ಹಾಕುತ್ತಿದ್ದಳು. ಕಂಡಕ್ಟರು ಕಚೇರಿಯ ಬಾಗಿಲಲ್ಲಿ ನಿಂತು, “ಸಾಹೇಬ್ರ, ಮತ್ತ ಕಲ್ಲು ಬಂದಾವ್ರಿ, ಇಳಿಸ್ಕೊಳ್ರಿ” ಎಂದು ಕೂಗುತ್ತಿದ್ದ. ಹತ್ತರಲ್ಲಿ ಒಂಬತ್ತು ಬರೀ ಕಲ್ಲು. ಹತ್ತನೆಯದಕ್ಕಾಗಿ ನಾವು ಎಲ್ಲವನ್ನೂ ಬಿಚ್ಚಿ ನೋಡುತ್ತಿದ್ದೆವು. ಮೊಸರಿನ ಗಡಿಗೆಯ ಕೊಡಲಿಯನ್ನು ಮಾತ್ರ ಎಷ್ಟು ಕೇಳಿದರೂ ಕೊಡಲಿಲ್ಲ. “ಬೆಕ್ಕಿಗೆ ನೀ ಬಂದು ಕಾಯ್ತೀಯೇನು?” ಎಂದಳು.

ಈಗ ಎಲ್ಲ ಬದಲಾಗಿದೆ. ಆ ತರುಣರು ಆಕಾಶದಿಂದ ತೆಗೆದ ಚಿತ್ರವನ್ನು ಮೇಜಿನ ಮೇಲೆ ಹರಡಿ, ಎಲ್ಲಿ ದಿಬ್ಬ ಎಲ್ಲಿ ಹೊಲ ಎಂದು ಕೂತಲ್ಲೇ ಹೇಳುತ್ತಾರೆ. ಒಳ್ಳೆಯದೇ. ನಾನೂ ಒಮ್ಮೆ ಕೂತಲ್ಲೇ ಹೇಳಿದ್ದೆ.

ನಿವೃತ್ತಿಯಾದ ವರ್ಷ ಕುರುಗೋಡಿಗೆ ಒಂದು ಮದುವೆಗೆ ಹೋದವನು ಬಾದನಹಟ್ಟಿ ದಾಟಿ ಆ ಊರಿಗೂ ಹೋದೆ. ಬಾಗಿಲಲ್ಲಿ ಗಂಗಮ್ಮ ಇದ್ದಳು. ನನ್ನನ್ನು ನೋಡಿ ಸೆರಗಿನಿಂದ ಕಣ್ಣೊರೆಸಿದಳು. ಹನುಮವ್ವ ಹೋಗಿ ತಿಂಗಳಾಗಿತ್ತು.

“ಕಡೀ ತನಕ ನಿಮ್ಮ ಮಾತು ಆಡ್ತಿದ್ಲ್ರಿ. ಆ ಕಲ್ಲಿನ ಸಾಹೇಬ ಪಾಪ, ಜೀಪಿನಿಂದ ಇಳಿಯಾಕ ಬರ್ತಿರ್ಲಿಲ್ಲ ಅವಗ, ಅಂತಿದ್ಲು.”

ನಕ್ಕೆ. ಮಜ್ಜಿಗೆ ಕೊಟ್ಟಳು. ಕೊಡಲಿ ಗಡಿಗೆಯ ಮೇಲೆ ಕೂತಿತ್ತು. ಗಡಿಗೆ ಮಾತ್ರ ಹೊಸದು.

“ಹಳೇವು?” ಎಂದೆ.

“ಅಲ್ಲೇರಿ, ಟವರಿನ ಬುಡಕ. ಕಾವಲಿನಾವ ಇಲ್ಲಿ ಒಡೀಬ್ಯಾಡ್ರಿ ಅಂತ ಬೈದ. ನಮ್ಮತ್ತಿ ಮಂದಿಯೆಲ್ಲಾ ಅಲ್ಲೇ ಅದಾರ, ಮತ್ತೆಲ್ಲಿಗೆ ಹೋಗ್ಲಿ ಅಂದೆ. ಹಂಗಾರ ಒಡೀರಿ ಅಂದ.”

ಒಬ್ಬನೇ ನಡೆದುಕೊಂಡು ಹೋದೆ. ಬೇಲಿಯ ಹೊರಗೆ ದಿಬ್ಬದ ಆ ಮಗ್ಗುಲು ಹಾಗೆಯೇ ನಿಂತಿತ್ತು. ಆರು ಸಾಲು. ಪುಟ್ಟ ಮಡಕೆಯ ಬಾಯಿ ಇದ್ದಲ್ಲೇ ಇತ್ತು. ಎಲ್ಲದರ ಮೇಲೆ, ಇನ್ನೂ ಧೂಳು ಕೂರದ ಚೂರುಗಳು, ಒಂದರ ಒಳಮೈಯಲ್ಲಿ ಮೊಸರಿನ ಬಿಳಿ ಕಲೆ. ಮೂವತ್ತು ವರ್ಷದ ರೂಢಿ, ಕೈ ತಾನಾಗಿಯೇ ಕಿಸೆಗೆ ಹೋಗಿ ಪೆನ್ಸಿಲ್ಲು ತೆಗೆಯಿತು. ಮದುವೆಯ ಆಮಂತ್ರಣ ಪತ್ರದ ಹಿಂದೆ ನನ್ನ ಕೊನೆಯ ವರದಿ ಬರೆದೆ.

“ಏಳನೆಯ ಪದರ. ಹನುಮವ್ವನದು. ಇಲ್ಲೇ ನಿಂತು ನೋಡಿದೆ.”